ಅತ್ತೆ ಬಿಟ್ಟ ಉಪ್ಪು

ಬೆಳಗ್ಗೆ ಲೋಕಲ್ ಟ್ರೈನ್ ಹಿಡಿಯಲು ಓಡುವ ಮೊದಲು ಪ್ರಣೀತಾ ಮಾಡುತ್ತಿದ್ದ ಕೊನೆಯ ಕೆಲಸ ಅತ್ತೆಯ ಉಪ್ಪನ್ನು ಅಳೆದಿಡುವುದು. ಸಾರಿಗೆ ಉಪ್ಪು ಬೀಳುವ ಮೊದಲೇ ಅತ್ತೆಯ ಪಾಲು ಬೇರೆ ಪಾತ್ರೆಗೆ ಹೋಗುತ್ತಿತ್ತು. ಪಲ್ಯದ್ದೂ ಹಾಗೆಯೇ. ಆಮೇಲೆ ಇಡೀ ದಿನಕ್ಕೆಂದು ಅರ್ಧ ಚಮಚ ಉಪ್ಪನ್ನು ಕುಂಕುಮದ ಭರಣಿಯಷ್ಟೇ ಇದ್ದ ಪುಟ್ಟ ಸ್ಟೀಲ್ ಡಬ್ಬಿಗೆ ಹಾಕಿ, ಅತ್ತೆಯ ಬಟ್ಟಲಿನ ಪಕ್ಕ ಇಟ್ಟು ಚಪ್ಪಲಿ ಮೆಟ್ಟುವುದು. ಬಿ.ಪಿ. ಜಾಸ್ತಿ ಇದೆ, ಉಪ್ಪು ಕಮ್ಮಿ ಮಾಡಿ ಎಂದು ಡಾಕ್ಟರು ಒಂದೇ ಸಲ ಹೇಳಿದ್ದನ್ನು ಪ್ರಣೀತಾ ಮನೆಯಲ್ಲಿ ನೂರು ಸಲ ಹೇಳಿಯಾಗಿತ್ತು.

ಅತ್ತೆ ನೀಲಾವತಿ ಕಾಪು ಕಡೆಯವರು. ಎಲೆ ಹಾಕಿದರೆ ತುದಿಗೆ ಮೊದಲು ಉಪ್ಪು ಬೀಳಬೇಕು, ಉಳಿದದ್ದೆಲ್ಲ ಆಮೇಲೆ ಎಂದು ನಂಬಿಕೊಂಡೇ ಮುದುಕಿಯಾದವರು. ಅವರಿಗೆ ಈ ಹೊಸ ಊಟ ಒಂದು ಚೂರೂ ಹಿಡಿಸಲಿಲ್ಲ.

"ಇದೆಂತ ಮಾರಾಯ್ತಿ? ಗೋಡೆಯ ಸುಣ್ಣ ನೆಕ್ಕಿದ ಹಾಗೆ ಉಂಟು."

"ಅಭ್ಯಾಸ ಆಗ್ತದೆ ಮಾಮಿ." ತುಳುವರ ಎಲ್ಲ ಸೊಸೆಯಂದಿರ ಹಾಗೆ ಪ್ರಣೀತಾಳೂ ಅತ್ತೆಯನ್ನು ಮಾಮಿ ಎಂದೇ ಕರೆಯುತ್ತಿದ್ದಳು. "ಸ್ವಲ್ಪ ದಿನ ಹೋದ್ರೆ ನಾಲಗೆಗೆ ಗೊತ್ತೇ ಆಗುವುದಿಲ್ಲ. ನಾನು ಓದಿದ್ದೇನೆ."

"ಓದುವುದು ನೀನು. ಉಣ್ಣುವುದು ನಾನು."

ಒಂದು ಭಾನುವಾರ ಕಸ ಗುಡಿಸುವಾಗ ಅತ್ತೆಯ ಮಂಚದಡಿಯಿಂದ ಮಾವಿನ ಮಿಡಿ ಉಪ್ಪಿನಕಾಯಿಯ ಬಾಟಲಿ ಉರುಳಿಕೊಂಡು ಬಂತು. ಪ್ರಣೀತಾ ಅದನ್ನು ಎತ್ತಿಕೊಂಡು ನೇರ ಎದುರುಮನೆಯ ಇಂದ್ರಾಬಾಯಿಗೆ ಕೊಟ್ಟುಬಂದಳು. ಇಂದ್ರಾಬಾಯಿ ಕಲಬುರಗಿ ಕಡೆಯ ಹೆಂಗಸು. ಬಿಲ್ಡಿಂಗಿನಲ್ಲಿ ಕೇಳಿದವರಿಗೆಲ್ಲ ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದವಳು.

"ಇದನ್ನು ನೀವೇ ತಿನ್ನಿ. ನಮ್ಮ ಮಾಮಿಗೆ ಮಾತ್ರ ಕೊಡಬೇಡಿ."

"ಇಲ್ರೀ ಯವ್ವಾ, ನಾ ಯಾಕ್ ಕೊಡ್ಲಿ?" ಎಂದಳು ಇಂದ್ರಾಬಾಯಿ.

ಮರುದಿನ ಮಧ್ಯಾಹ್ನವೇ ನೀಲಾವತಿ ಸೀರಿಯಲ್ ನೋಡುವ ನೆಪದಲ್ಲಿ ಎದುರುಮನೆಗೆ ಹೋಗಿ ಕೂತು, ರೊಟ್ಟಿಯ ಜೊತೆ ತಮ್ಮದೇ ಮಿಡಿಯನ್ನು ಚೀಪಿ ಬಂದರು. ಹಾಗೆ ಶುರುವಾದ ಸ್ನೇಹ ದಿನಾ ಮಧ್ಯಾಹ್ನದ್ದಾಯಿತು. ಒಬ್ಬರ ಕನ್ನಡ ಇನ್ನೊಬ್ಬರಿಗೆ ಅರ್ಧ ತಿಳಿಯುತ್ತಿತ್ತು. ಮಿಕ್ಕ ಅರ್ಧವನ್ನು ಹಿಂದಿ ನೋಡಿಕೊಳ್ಳುತ್ತಿತ್ತು.

ಆ ಬೇಸಿಗೆಯಲ್ಲೇ ಸ್ನಾನ ಮಾಡುವಾಗ ಪ್ರಣೀತಾಳ ಬೆರಳಿಗೆ ಎದೆಯಲ್ಲೊಂದು ಗಂಟು ಸಿಕ್ಕಿತು. ಸ್ಕ್ಯಾನ್ ಆಯಿತು, ಸೂಜಿ ಹಾಕಿ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದಾಯಿತು. ಮನೆಯಲ್ಲಿ ಯಾರೂ ಆ ವಿಷಯ ಎತ್ತುತ್ತಿರಲಿಲ್ಲ, ಯಾರ ತಲೆಯಲ್ಲೂ ಬೇರೆ ವಿಷಯ ಇರುತ್ತಿರಲಿಲ್ಲ. ಗಂಡ ಸದಾನಂದ ಬೈಕುಲ್ಲಾದ ಹೋಟೆಲೊಂದರ ಮ್ಯಾನೇಜರ್. ಗಿರಾಕಿಗಳ ಮೇಲೆ ಎಂದೂ ರೇಗದವನು ಆ ದಿನಗಳಲ್ಲಿ ಬಿಲ್ ಕೇಳಿದವರ ಮೇಲೂ ರೇಗಿದನಂತೆ. ಕೊನೆಗೆ ರಿಪೋರ್ಟ್ ಬಂತು. ಬರೀ ಕೊಬ್ಬಿನ ಗಂಟು, ಏನೂ ಅಪಾಯವಿಲ್ಲ. ಸದಾನಂದ ಫೋನಿನಲ್ಲೇ ಅತ್ತ. ಮಗಳು ಯಕ್ಷಿತಾ ಕುಣಿದಳು. ನೀಲಾವತಿ ಮಾತ್ರ "ಸರಿ, ಅನ್ನಕ್ಕೆ ಇಡು" ಎಂದಷ್ಟೇ ಹೇಳಿ ದೇವರ ಮೂಲೆಗೆ ಹೋಗಿ ದೀಪದ ಬತ್ತಿ ಸರಿಮಾಡಿದರು. ಪ್ರಣೀತಾಳಿಗೆ ಸ್ವಲ್ಪ ಬೇಜಾರೇ ಆಗಿತ್ತು. ಒಂದು ಒಳ್ಳೆಯ ಮಾತು ಆಡಿದ್ದರೆ ಈ ಮುದುಕಿಯ ಗಂಟೇನು ಹೋಗುತ್ತಿತ್ತು?

ಅದಾದ ಮೇಲೆ ಒಂದು ವಿಚಿತ್ರವಾಯಿತು. ನೀಲಾವತಿ ಉಪ್ಪಿನ ತಕರಾರು ನಿಲ್ಲಿಸಿಬಿಟ್ಟರು. ಬಡಿಸಿದ್ದನ್ನು ಉಣ್ಣುವರು, ಕೈ ತೊಳೆಯುವರು. ಸುಣ್ಣವೂ ಇಲ್ಲ, ಗೋಡೆಯೂ ಇಲ್ಲ. ಸಂಜೆ ಬಂದು ನೋಡಿದರೆ ಸ್ಟೀಲ್ ಡಬ್ಬಿ ಖಾಲಿ, ತೊಳೆದು ಬೋರಲು ಹಾಕಿರುತ್ತಿತ್ತು. ಪ್ರಣೀತಾ ಗೆದ್ದೆ ಎಂದುಕೊಂಡಳು. ಲೋಕಲಿನ ಲೇಡೀಸ್ ಡಬ್ಬದ ಗೆಳತಿಯರ ಮುಂದೆ ಕೊಚ್ಚಿಕೊಂಡಳು ಕೂಡ: "ನಮ್ಮ ಮನೆಯ ಉಪ್ಪಿನ ಜಾಡಿ ಈಗ ಇಳಿಯುವುದೇ ಇಲ್ಲ ಗೊತ್ತುಂಟಾ?" ಅಂಧೇರಿಯಲ್ಲಿ ಹತ್ತುವ ಗುಜರಾತಿ ಹೆಂಗಸು ತನ್ನ ಅತ್ತೆಗೂ ಹೀಗೇ ಮಾಡುತ್ತೇನೆಂದು ಹೊರಟಳು.

ಯಕ್ಷಿತಾಳಿಗೂ ಹುರುಪು ಬಂತು. ಕಾಲೇಜಿಗೆ ರಜೆ, ಹೊರಗೆ ಮೇ ತಿಂಗಳ ಬಿಸಿಲು. ಅವಳ ಫೋನಿನಲ್ಲಿ ನೀರು ಕುಡಿಯಲು ನೆನಪಿಸುವ ಆ್ಯಪ್ ಒಂದಿತ್ತು. ಅದರಲ್ಲಿ ಅಜ್ಜಿಯ ಹೆಸರೂ ಸೇರಿತು. ಟಿಂಗ್ ಎಂದ ಕೂಡಲೇ ದೊಡ್ಡ ಗ್ಲಾಸು ಹಿಡಿದು ಹಾಜರು.

"ಅಜ್ಜಿ, ಪಾನಿ! ಫುಲ್ ಗ್ಲಾಸ್ ಹಾಂ, ಚೀಟಿಂಗ್ ನಹೀ ಮಾಡ್ಲಿಕ್ಕೆ!"

"ನನ್ನ ಹೊಟ್ಟೆ ಎಂತ ಬಾವಿಯಾ?" ಎನ್ನುತ್ತ ನೀಲಾವತಿ ಕುಡಿಯುತ್ತಿದ್ದರು. ಮೊಮ್ಮಗಳು ತಮ್ಮ ಹಿಂದೆ ಹಿಂದೆ ತಿರುಗುವುದು ಅವರಿಗೆ ಇಷ್ಟವಾಗಿತ್ತು.

ಬಿ.ಪಿ.ಗೆಂದು ಡಾಕ್ಟರು ಕೊಟ್ಟಿದ್ದು ನೀರಿನ ಮಾತ್ರೆ, ಮೂತ್ರ ಹೆಚ್ಚು ಹೋಗುವಂಥದ್ದು. ಅದನ್ನು ಬೆಳಗ್ಗೆ ತಪ್ಪದೆ ಕೈಗಿಡುವುದು ಸದಾನಂದನ ಪಾಲಿನ ಸೇವೆ. ಹೀಗೆ ಮನೆಯ ಒಬ್ಬೊಬ್ಬರೂ ಒಂದೊಂದು ಒಳ್ಳೆಯದು ಮಾಡಿದರು. ನೀಲಾವತಿ ಸೊರಗತೊಡಗಿದರು.

ಮೊದಲು ತಲೆನೋವು, ವಾಕರಿಕೆ. ಸೆಕೆಗೆ ಎಂದರು. ಆಮೇಲೆ ನಡೆಯುವಾಗ ಗೋಡೆ ಹಿಡಿಯತೊಡಗಿದರು. ಒಂದು ಬೆಳಗ್ಗೆ ಹಾಲಿನ ಪ್ಯಾಕೆಟನ್ನು ಒಗೆಯುವ ಬಟ್ಟೆಯ ಬಕೆಟಿನಲ್ಲಿ ಇಟ್ಟು, ಫ್ರಿಜ್ಜಿನ ಮುಂದೆ ನಿಂತು ಹಾಲೆಲ್ಲಿ ಎಂದು ಹುಡುಕಿದರು. ಎಲ್ಲರೂ ನಕ್ಕರು. ಮತ್ತೆ ಎರಡು ದಿನಕ್ಕೆ ಯಕ್ಷಿತಾ ಕೋಣೆಯಿಂದ ಹೊರಗೆ ಬಂದಾಗ ಅಜ್ಜಿ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಚೀಲ, ಎಡಗಾಲಿನ ಚಪ್ಪಲಿ ಬಲಗಾಲಿಗೆ. ಕಾಪುವಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತವರ ಹಾಗೆ ಕೇಳಿದರು:

"ಅಕ್ಕೆರೇ, ಶಿರ್ವದ ಬಸ್ಸು ಹೋಯ್ತಾ?"

"ಅಜ್ಜಿ, ಮೈ ಹೂಂ... ನಾನು, ಯಕ್ಷಿ."

"ಹೌದಾ? ಎಲ್ಲಿ ಆಯ್ತು ನಿಮಗೆ? ಮನೆ ಎಲ್ಲಿ?" ಎಂದು ಅಪರಿಚಿತರೊಡನೆ ಮಾತಾಡುವ ಮರ್ಯಾದೆಯಲ್ಲಿ ಕೇಳಿದರು ನೀಲಾವತಿ.

ಅವತ್ತು ಯಾರೂ ನಗಲಿಲ್ಲ. ಸಂಜೆ ಸದಾನಂದ ಸೋಫಾದಲ್ಲಿ ಕೂತು ಮೆಲ್ಲಗೆ ಹೇಳಿದ: "ನನ್ನ ಅಜ್ಜಿಗೂ ಹೀಗೇ ಶುರುವಾದದ್ದು. ಆಮೇಲೆ ನಮ್ಮನ್ನು ಯಾರನ್ನೂ ಗುರುತು ಹಿಡಿಯಲೇ ಇಲ್ಲ. ಅಮ್ಮನದ್ದೂ ಹಾಗೇ ಅಂತ ಕಾಣ್ತದೆ. ಹಗಲು ನೋಡಿಕೊಳ್ಳಲಿಕ್ಕೆ ಒಬ್ಬರನ್ನು ಹುಡುಕಬೇಕು."

ಪ್ರಣೀತಾ ಅತ್ತೆಯ ಕಡೆ ನೋಡಿದಳು. ಹದಿನೆಂಟು ವರ್ಷದಿಂದ ದಿನಾ ಜಗಳಾಡಿದ ಜೀವ ಕಣ್ಣೆದುರೇ ಕೂತಲ್ಲೇ ಕರಗಿ ಹೋಗುತ್ತಿತ್ತು. ಜಗಳವಾಡಲಿಕ್ಕಾದರೂ ಇವರು ವಾಪಸ್ ಬರಬಾರದೇ ಎಂದು ಅವಳಿಗೆ ಅನಿಸಿತು.

ಭಾನುವಾರ ಬೆಳಗ್ಗೆ ನೀಲಾವತಿ ಎಷ್ಟು ಎಬ್ಬಿಸಿದರೂ ಸರಿಯಾಗಿ ಕಣ್ಣು ತೆರೆಯಲಿಲ್ಲ. ನಾಲಗೆ ತೊದಲಿತು. ಗಲಾಟೆ ಕೇಳಿ ಇಂದ್ರಾಬಾಯಿ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಅವರನ್ನು ಕುರ್ಚಿಯಲ್ಲಿ ಕೂರಿಸಿ ಮೂರು ಮಹಡಿ ಇಳಿಸುವಾಗ ಒಂದು ಕಡೆ ಸದಾನಂದ, ಇನ್ನೊಂದು ಕಡೆ ಅವಳು. ಹಾಗೆಯೇ ಆಸ್ಪತ್ರೆಗೂ ಬಂದಳು, ಸೀರೆಗೆ ಜೋಳದ ಹಿಟ್ಟು ಮೆತ್ತಿಕೊಂಡೇ.

ರಕ್ತದ ರಿಪೋರ್ಟ್ ಹಿಡಿದು ಬಂದ ಡಾಕ್ಟರ್ ಕನ್ನಡಕದ ಮರಾಠಿ ಹುಡುಗಿ. ಹಿಂದಿಯಲ್ಲಿ, ನಿಧಾನವಾಗಿ ಹೇಳಿದಳು: "ಸೋಡಿಯಂ ತುಂಬಾ ಕೆಳಗೆ ಹೋಗಿದೆ. ಅಂದರೆ ರಕ್ತದಲ್ಲಿ ಇರಬೇಕಾದ ಉಪ್ಪು. ಅದು ಇಷ್ಟು ಇಳಿದರೆ ಮೆದುಳು ಊದಿಕೊಳ್ಳುತ್ತದೆ. ಮಾತು ತಪ್ಪುತ್ತದೆ, ಹೆಜ್ಜೆ ತಪ್ಪುತ್ತದೆ, ಜನರ ಗುರುತು ತಪ್ಪುತ್ತದೆ."

"ಹಾಗಾದ್ರೆ ಮರೆವಿನ ಕಾಯಿಲೆ ಅಲ್ವಾ?" ಎಂದು ಕೇಳಿದ ಸದಾನಂದ.

"ಮೊದಲು ಇದನ್ನು ಸರಿಮಾಡೋಣ. ನೀರಿನ ಮಾತ್ರೆ ತಗೊಳ್ತಾರೆ, ಅದರಿಂದ ಕೆಲವರಿಗೆ ಉಪ್ಪು ಇಳಿಯುತ್ತದೆ. ನೀರು ಎಷ್ಟು ಕುಡೀತಾರೆ?"

ಯಕ್ಷಿತಾ ಫೋನನ್ನು ಎದೆಗೆ ಒತ್ತಿಕೊಂಡಳು. "ತೀನ್ ಲೀಟರ್. ಕಭೀ ಕಭೀ... ಜಾಸ್ತಿ."

"ಊಟದಲ್ಲಿ ಉಪ್ಪು?"

"ಅಳತೆಯದ್ದು. ದಿನಾ ನಾನೇ ಅಳೆದಿಡ್ತೇನೆ, ಅರ್ಧ ಚಮಚ," ಎಂದಳು ಪ್ರಣೀತಾ.

"ಅಷ್ಟು ತಿಂದರೆ ಸಾಕಲ್ಲ..." ಡಾಕ್ಟರ್ ರಿಪೋರ್ಟನ್ನು ಮತ್ತೆ ನೋಡಿದಳು. "ಅವರು ಅದನ್ನು ತಿಂತಾರೆ ಅಂತ ಗ್ಯಾರಂಟಿನಾ?"

"ಡಬ್ಬಿ ದಿನಾ ಖಾಲಿ ಆಗ್ತದೆ ಡಾಕ್ಟರ್."

ಗೋಡೆಗೊರಗಿ ನಿಂತಿದ್ದ ಇಂದ್ರಾಬಾಯಿ ಸೆರಗಿನ ತುದಿಯನ್ನು ಬಾಯಿಗಿಟ್ಟುಕೊಂಡಳು, ತೆಗೆದಳು, ಮತ್ತೆ ಇಟ್ಟುಕೊಂಡಳು.

"ಯವ್ವಾ, ಒಂದ್ ಮಾತ್ ಹೇಳ್ತೀನ್ರೀ. ಬೈಬ್ಯಾಡ್ರಿ. ಯಾರಿಗೂ ಹೇಳಂಗಿಲ್ಲ ಅಂತ ನೀಲಕ್ಕಾರು ನನ್ನ ಕಡಿಂದ ಆಣಿ ಹಾಕಿಸ್ಕೊಂಡಾರ."

"ಎಂತ ಅದು?"

"ಅಕ್ಕಾರು ಉಪ್ಪ ತಿನ್ನಂಗಿಲ್ರೀ. ಬಿಟ್ಟಾರ. ಹರಕಿ ಹೊತ್ತಾರ."

ಪ್ರಣೀತಾ ಅವಳ ಹತ್ತಿರ ಬಂದಳು.

"ಮೊದ್ಲಿಗೆ ದಿನಾ ನನ್ನ ಮನಿಗಿ ಬಂದು ಮಿಡಿ ತಿಂತಿದ್ರು. ಹ್ಞೂಂ, ತಪ್ಪಾತು, ನಾನೇ ಕೊಡ್ತಿದ್ದೆ. ಒಮ್ಮಿಂದೊಮ್ಮೆ ಬ್ಯಾಡ ಅಂದ್ರು. ಯಾಕ್ರೀ ಅಕ್ಕಾರ, ನನ್ನ ರೊಟ್ಟಿ ಕೆಟ್ಟವೇನು ಅಂತ ಜಗಳಾನೇ ಮಾಡ್ದೆ. ಆವಾಗ ಹೇಳಿದ್ರು. ನಿಮಗ ಗಂಟ ಆಗಿತ್ತಲ್ರೀ, ಅದು ಏನೂ ಇಲ್ಲ ಅಂತ ಬಂದ್ರ ಒಂದ್ ಮಂಡಲ, ನಲವತ್ತೆಂಟ್ ದಿನ, ಉಪ್ಪ ಮುಟ್ಟಂಗಿಲ್ಲ ಅಂತ ಅವರ ಊರ ದೇವಿಗಿ ಬೇಡ್ಕೊಂಡಿದ್ರಂತ."

"ಮತ್ತೆ ನಾನು ಇಟ್ಟ ಉಪ್ಪು?"

"ಉಪ್ಪ ಚೆಲ್ಲಿದ್ರ ಪಾಪ ಅಲ್ರೀ? ನೀವು ಟೇಸನಕ್ಕ ಹ್ವಾದ ಮ್ಯಾಲ ಹೊಳ್ಳಿ ಜಾಡಿಗೇ ಸುರೀತಿದ್ರು."

ಜಾಡಿ ಇಳಿಯದೇ ಇದ್ದದ್ದು ಅದಕ್ಕೆ. ಪ್ರಣೀತಾ ಬೆಂಚಿನ ಮೇಲೆ ಕೂತುಬಿಟ್ಟಳು. ರಿಪೋರ್ಟ್ ಬಂದ ದಿನ ಒಂದು ಒಳ್ಳೆಯ ಮಾತೂ ಆಡದೆ ದೇವರ ಮೂಲೆಗೆ ಹೋದ ಮುದುಕಿಯ ಬೆನ್ನು ಕಣ್ಣಿಗೆ ಬಂತು. ಇದನ್ನು ಹೇಳಿದ್ದರೆ ತಾನೇನು ಮಾಡುತ್ತಿದ್ದೆ? ಹರಕೆಯೂ ಬೇಡ ಗಿರಕೆಯೂ ಬೇಡ ಎಂದು ಬೈದು, ಎದುರು ಕೂತು ಉಪ್ಪು ತಿನ್ನಿಸುತ್ತಿದ್ದೆ. ಅದು ಗೊತ್ತಿದ್ದೇ ಅವರು ಹೇಳಲಿಲ್ಲ. ದಿನಾ ಮೂರು ಹೊತ್ತು, ತನ್ನ ಹೆಸರಿನಲ್ಲಿ, ತನ್ನ ಕಣ್ಣೆದುರೇ ಸಪ್ಪೆ ಉಂಡಿದ್ದರು.

ಡಾಕ್ಟರಿಗೆ ಇದನ್ನೆಲ್ಲ ಹಿಂದಿಯಲ್ಲಿ ಹೇಳುವಷ್ಟರಲ್ಲಿ ಸದಾನಂದ ಬೆವೆತುಹೋದ. ಆ ಹುಡುಗಿ ಬೈಯಲಿಲ್ಲ. ಇಂದ್ರಾಬಾಯಿಯ ಕಡೆ ತಿರುಗಿ, "ಮಾವ್ಶಿ, ಹೇಳಿದ್ದು ಒಳ್ಳೆಯದಾಯಿತು. ಇಲ್ಲದಿದ್ದರೆ ಇಲ್ಲಿ ಸರಿಮಾಡಿ ಮನೆಗೆ ಕಳಿಸುತ್ತಿದ್ದೆವು, ಅಲ್ಲಿ ಮತ್ತೆ ಇದೇ ಆಗುತ್ತಿತ್ತು" ಎಂದಳು. ನೀರಿನ ಮಾತ್ರೆ ನಿಂತಿತು. ಕುಡಿಯುವ ನೀರಿಗೆ ಮಿತಿ ಬಂತು. ಉಪ್ಪುನೀರಿನ ಡ್ರಿಪ್ ಹನಿ ಹನಿಯಾಗಿ ಶುರುವಾಯಿತು.

"ಸ್ವಲ್ಪ ಜೋರಾಗಿ ಬಿಡಬಾರದಾ?" ಎಂದು ಕೇಳಿದ ಸದಾನಂದ.

"ಬಿಡಬಾರದು. ಇಳಿದದ್ದನ್ನು ಒಮ್ಮೆಲೇ ಏರಿಸಿದರೆ ಮೆದುಳಿಗೆ ಪೆಟ್ಟು. ಕಾಯಬೇಕು."

ಕಾದರು. ಹನಿ ಬೀಳುವುದನ್ನೇ ನೋಡುತ್ತ ಕೂತ ಪ್ರಣೀತಾಳಿಗೆ ಉಪ್ಪಿನ ಮೇಲಿದ್ದ ಸಿಟ್ಟೆಲ್ಲ ಇಳಿದುಹೋಯಿತು. ಇಷ್ಟು ದಿನ ಕಳ್ಳನ ಹಾಗೆ ಬಚ್ಚಿಟ್ಟು, ಅಳೆದು, ಕಾವಲು ಕಾದಿದ್ದ ವಸ್ತು. ಈಗ ಅದೇ ವಸ್ತು ಒಂದು ತೆಳ್ಳಗಿನ ನಳಿಕೆಯಲ್ಲಿ ಇಳಿದು ಮನೆಯ ಹಿರಿಯ ಜೀವವನ್ನು ಕೈಹಿಡಿದು ಕರೆತರುತ್ತಿತ್ತು.

ಎರಡನೇ ದಿನದ ಬೆಳಗ್ಗೆ ರೌಂಡ್ಸಿಗೆ ಬಂದ ಡಾಕ್ಟರ್ ಹಿಂದಿನ ದಿನದಂತೆಯೇ ಕೇಳಿದಳು, "ಆಜಿ, ಇವರು ಯಾರು?"

ನೀಲಾವತಿ ಕಣ್ಣು ಕಿರಿದು ಮಾಡಿ ಪ್ರಣೀತಾಳನ್ನು ನೋಡಿದರು. ತುಂಬಾ ಹೊತ್ತು ನೋಡಿದರು. ಪ್ರಣೀತಾ ಹಾಸಿಗೆಯ ಕಡೆಗೆ ಬಾಗಿದಳು.

"ಇವಳಾ? ನಮ್ಮ ಮನೆಯ ಉಪ್ಪಿನ ಪೊಲೀಸು."

ಯಕ್ಷಿತಾ ಕಿರುಚಿದ ರಭಸಕ್ಕೆ ಪಕ್ಕದ ಹಾಸಿಗೆಯವರು ಎದ್ದು ಕೂತರು. ಸದಾನಂದ ಕಿಟಕಿಯ ಕಡೆ ತಿರುಗಿ ಮೂಗು ಒರೆಸಿಕೊಂಡ.

ಆದರೆ ಕಥೆ ಅಲ್ಲಿಗೇ ಸುಖವಾಗಿ ಮುಗಿಯಲಿಲ್ಲ. ಮಧ್ಯಾಹ್ನ ಡ್ರಿಪ್ ತೆಗೆದರು. ಇನ್ನು ಬಾಯಿಂದಲೇ ತಿನ್ನಬೇಕು, ಉಪ್ಪು ಹಾಕಿದ್ದನ್ನೇ ತಿನ್ನಬೇಕು, ಇಲ್ಲದಿದ್ದರೆ ಮತ್ತೆ ಇಳಿಯುತ್ತದೆ ಎಂದು ಡಾಕ್ಟರ್ ಖಡಾಖಂಡಿತ ಹೇಳಿ ಹೋದಳು. ಗಂಜಿ ಬಂತು. ನೀಲಾವತಿ ಒಂದು ಚಮಚ ಬಾಯಿಯ ಹತ್ತಿರ ತಂದು, ಮೂಸಿ, ಕೆಳಗಿಟ್ಟರು.

"ಉಪ್ಪು ಹಾಕಿದ್ದಾರೆ."

"ಹೌದಮ್ಮ, ಹಾಕಿದ್ದಾರೆ. ತಿನ್ನು."

"ನನ್ನ ಮಂಡಲ ಮುಗಿಯಲಿಲ್ಲ. ಇನ್ನೂ ಹನ್ನೊಂದು ದಿನ ಉಂಟು."

ಸದಾನಂದ ತಲೆ ಚಚ್ಚಿಕೊಂಡ. "ಅಮ್ಮಾ, ನಿನಗೆ ಎಂತ ಆಗಿತ್ತು ಗೊತ್ತುಂಟಾ? ನನ್ನನ್ನು ಹೋಟೆಲಿನ ಮಾಣಿ ಅಂತ ತಿಳಿದು ಎರಡು ಇಡ್ಲಿ ತಾ ಅಂದಿದ್ದಿ!"

"ತಂದಿಯಾ?"

"ಅಮ್ಮಾ!"

"ಕೂಗಬೇಡ, ಆಸ್ಪತ್ರೆ ಇದು. ದೇವಿಗೆ ಕೊಟ್ಟ ಮಾತು. ಅವಳು ಅವಳ ಮಾತು ನಡೆಸಿಕೊಟ್ಟಿದ್ದಾಳೆ. ನಾನು ನಡುವಿನಲ್ಲಿ ಕೈ ಬಿಟ್ಟರೆ ಅವಳೂ ಕೈ ಬಿಟ್ಟರೆ?" ಅವರ ದನಿ ಇದ್ದಕ್ಕಿದ್ದಂತೆ ಸಣ್ಣದಾಯಿತು. "ಆ ಗಂಟು ಮತ್ತೆ ಬಂದರೆ?"

"ತಪ್ಪುಕಾಣಿಕೆ ತೆಗೆದಿಡುವ, ಊರಿಗೆ ಹೋದಾಗ ದೇವಿಯ ಹತ್ತಿರ ತಪ್ಪಾಯಿತೆಂದು ಕೇಳಿಕೊಳ್ಳುವ," ಎಂದ ಸದಾನಂದ. ಇಂದ್ರಾಬಾಯಿ ತಮ್ಮೂರ ಕಡೆ ಕಾಯಿಲೆಯವರಿಗೆ ಯಾವ ಹರಕೆಯೂ ನಡೆಯುವುದಿಲ್ಲವೆಂದು ವಾದಿಸಿದಳು. ನೀಲಾವತಿ ತುಟಿ ಬಿಗಿದುಕೊಂಡು ಗೋಡೆ ನೋಡಿದರು. ಗಂಜಿ ತಣ್ಣಗಾಗುತ್ತಿತ್ತು.

ಪ್ರಣೀತಾ ಮಂಚದ ಅಂಚಿನಲ್ಲಿ ಕೂತಳು.

"ಮಾಮಿ, ನಿಮ್ಮ ಅಪ್ಪ ಉರುಳುಸೇವೆ ಹರಕೆ ಹೊತ್ತು, ಅವರಿಗೆ ಆಗದೆ ನಿಮ್ಮ ಅಣ್ಣ ಉರುಳಿದ್ದರು ಅಂತ ಹೇಳಿದ್ದಿರಲ್ಲ?"

"ಹೌದು. ಮನೆಯವರು ಯಾರಾದರೂ ತೀರಿಸಬಹುದು."

"ಹಾಗಾದ್ರೆ ಬಾಕಿ ಹನ್ನೊಂದು ದಿನ ನಾನು ಉಪ್ಪು ಬಿಡ್ತೇನೆ."

ನೀಲಾವತಿ ಗೋಡೆಯಿಂದ ಮುಖ ತಿರುಗಿಸಿದರು. "ನೀನಾ? ನಿನಗೆ ದೇವರ ಮೇಲೆ ನಂಬಿಕೆ ಉಂಟಾ?"

"ನಿಮ್ಮ ಮೇಲೆ ಉಂಟು."

"ಸ್ಟೇಶನ್ನಿನ ಆ ವಡಾಪಾವ್?"

"ಇಲ್ಲ."

"ಟ್ರೈನಿನಲ್ಲಿ ಪೇರಳೆಗೆ ಖಾರ ಉಪ್ಪು ಹಚ್ಚಿ ತಿನ್ನುತ್ತೀಯಲ್ಲ, ಪೊಟ್ಟಣದ ಕಾಗದ ಬ್ಯಾಗಿನಲ್ಲಿ ಇರ್ತದೆ, ನನಗೆ ಗೊತ್ತಿಲ್ಲವಾ?"

"ಅದೂ ಇಲ್ಲ ಮಾಮಿ."

ಪ್ರಣೀತಾ ಡಾಕ್ಟರನ್ನು ಹುಡುಕಿಕೊಂಡು ಹೋಗಿ ಕೇಳಿಬಂದಳು. ಆ ಹುಡುಗಿ ನಕ್ಕು, ನಿಮಗೆ ಕಾಯಿಲೆ ಇಲ್ಲ, ಮಾತ್ರೆ ಇಲ್ಲ, ಹಾಲು ಮೊಸರು ಬಿಡಬೇಡಿ, ನೀರು ಬಾಯಾರಿದಷ್ಟೇ ಕುಡಿಯಿರಿ, ತಲೆ ತಿರುಗಿದರೆ ಆ ಕ್ಷಣ ನಿಲ್ಲಿಸಿ ಎಂದಿದ್ದಳು. ಅದನ್ನೂ ಕೇಳಿದ ಮೇಲೆ ನೀಲಾವತಿ ಸೂಜಿ ಚುಚ್ಚಿದ್ದ ಕೈಯನ್ನು ಸೊಸೆಯ ಅಂಗೈಯ ಮೇಲಿಟ್ಟರು. ಕಣ್ಣು ಮುಚ್ಚಿ ತುಳುವಿನಲ್ಲಿ ತಮ್ಮ ದೇವಿಯೊಡನೆ ಪಕ್ಕದ ಮನೆಯವಳೊಡನೆ ಮಾತಾಡಿದ ಹಾಗೆ ಮಾತಾಡಿದರು: ಅಮ್ಮಾ, ಇನ್ನು ಮೇಲೆ ಇವಳು. ಸ್ವಲ್ಪ ಜೋರಿನವಳು, ಆದರೆ ಹೇಳಿದ್ದನ್ನು ಮಾಡುವವಳು. ನನ್ನದು ಇಲ್ಲಿಗೆ ಆಯಿತು.

ಆಮೇಲೆ ಕಣ್ಣು ತೆರೆದು, "ಗಂಜಿ ಕೊಡು. ತಣ್ಣಗಾಗಿದೆ, ಬಿಸಿ ಮಾಡಿಸು" ಎಂದರು.

ಬಿಸಿ ಗಂಜಿಯ ಮೊದಲ ಚಮಚವನ್ನು ಅವರು ತಕ್ಷಣ ನುಂಗಲಿಲ್ಲ. ಬಾಯಲ್ಲಿಟ್ಟುಕೊಂಡು, ನಾಲಗೆಯ ಆ ಬದಿಗೂ ಈ ಬದಿಗೂ ಹೊರಳಿಸಿ, ಕಣ್ಣು ಅರೆಮುಚ್ಚಿದರು. ಬರೀ ಅಕ್ಕಿ, ನೀರು, ಒಂದು ಚಿಟಿಕೆ ಉಪ್ಪು. ಇಂದ್ರಾಬಾಯಿ ನಿಂತಲ್ಲೇ ಕೈಮುಗಿದಳು, ದೇವಿಗೋ ಗಂಜಿಗೋ ಅವಳಿಗೇ ಗೊತ್ತಿರಲಿಲ್ಲ.

ಮನೆಗೆ ಬಂದ ಮೇಲೆ ಅಡುಗೆಮನೆಯ ಕ್ರಮ ತಿರುವುಮುರುವಾಯಿತು. ಅತ್ತೆಯ ಪಾಲಿಗೆ ಮಿತವಾದ ಉಪ್ಪನ್ನು ಪ್ರಣೀತಾ ಈಗ ಅಡುಗೆಯಲ್ಲೇ ಕಲಸುತ್ತಿದ್ದಳು. ಬಿ.ಪಿ.ಗೆ ಬೇರೆ ಮಾತ್ರೆ ಬಂದಿತ್ತು, ಮಿತಿ ಮಿತಿಯೇ. ಯಕ್ಷಿತಾಳ ಆ್ಯಪಿನಿಂದ ಅಜ್ಜಿಯ ಹೆಸರು ಹೋಗಿತ್ತು. ಸಾರಿಗೆ ಉಪ್ಪು ಬೀಳುವ ಮೊದಲು ಸೊಸೆಯ ಪಾಲನ್ನು ತೆಗೆದಿಡುವ ಕೆಲಸ ಮಾತ್ರ ನೀಲಾವತಿಯವರದ್ದು.

ಮೊದಲ ದಿನದ ಸಪ್ಪೆ ಊಟ ಪ್ರಣೀತಾಳ ಗಂಟಲಲ್ಲಿ ಇಳಿಯಲೇ ಇಲ್ಲ. ತೊಗರಿಬೇಳೆಗೆ ಮಣ್ಣಿನ ರುಚಿ, ಬೀನ್ಸಿಗೆ ಹುಲ್ಲಿನ ರುಚಿ, ಅನ್ನಕ್ಕೆ ಯಾವ ರುಚಿಯೂ ಇಲ್ಲ. ಇದನ್ನು ಮಾಮಿ ಮುಖ ಕಿವಿಚದೆ ಉಂಡಿದ್ದರಲ್ಲ, ತಾನು ಎದುರು ಕೂತು ಹೇಗಿದೆ ಎಂದು ಕೇಳಿದಾಗ ಒಳ್ಳೆಯದುಂಟು ಎಂದಿದ್ದರಲ್ಲ! ಲೋಕಲಿನಲ್ಲಿ ಗೆಳತಿಯೊಬ್ಬಳು ಉಪ್ಪು ಖಾರ ಹಚ್ಚಿದ ಪೇರಳೆಯ ಹೋಳು ಚಾಚಿದಳು. ಪ್ರಣೀತಾಳ ಬಾಯಲ್ಲಿ ನೀರೂರಿತು.

"ಬೇಡ. ಹರಕೆ ಉಂಟು."

"ನೀನು, ಹರಕೆ? ಯಾರಿಗಾಗಿ?"

"ನನಗಾಗಿಯೇ. ಹೊತ್ತದ್ದು ಮಾಮಿ. ನಾನು ಬಾಲ ಮಾತ್ರ ಹಿಡಿದಿದ್ದೇನೆ," ಎಂದು ಅಂಧೇರಿಯಿಂದ ದಾದರಿನವರೆಗೂ ಅದೇ ಕಥೆ ಹೇಳಿದಳು. ಗುಜರಾತಿ ಹೆಂಗಸು ನಡುವಿನಲ್ಲೇ ಅತ್ತೆಗೆ ಫೋನ್ ಮಾಡಿ, ನಿನ್ನೆ ರಾತ್ರಿ ಏನು ಉಂಡಿರಿ, ಉಪ್ಪು ಹಾಕಿಕೊಂಡಿರಾ ಎಂದು ವಿಚಾರಿಸಿದಳು.

ಸಂಜೆ ಅತ್ತೆ ಸೊಸೆ ಎದುರುಬದುರು ಕೂತು ಉಂಡರು. ಪ್ರಣೀತಾ ಮರೆತು ಒಂದು ಹಪ್ಪಳಕ್ಕೆ ಕೈ ಚಾಚಿದಳು.

"ಇಡು ಕೆಳಗೆ. ಹಪ್ಪಳದಲ್ಲಿ ಉಪ್ಪು ಉಂಟು."

"ಅಯ್ಯೋ, ಹೌದಲ್ಲ."

"ಮುಖ ನೋಡು ಇವಳದ್ದು, ಹಾಗಲಕಾಯಿ ತಿಂದ ಹಾಗೆ," ಎಂದು ನೀಲಾವತಿ ಕಿಸಕ್ಕನೆ ನಕ್ಕರು. ನಕ್ಕು, ನಗು ನಿಂತ ಮೇಲೆ ಮೆಲ್ಲಗೆ ಕೇಳಿದರು, "ಕಷ್ಟ ಆಗ್ತದಾ? ಹೇಳು. ದೇವಿಗೆ ನಾನು ಹೇಳ್ತೇನೆ. ಅವಳಿಗೆ ಅರ್ಥ ಆಗ್ತದೆ."

ಪ್ರಣೀತಾ ತಟ್ಟೆ ನೋಡಿದಳು. ಎದುರು ಕೂತವರು ಹೆಸರು ಹಿಡಿದು ಕರೆಯುತ್ತಿದ್ದರು, ತಮಾಷೆ ಮಾಡುತ್ತಿದ್ದರು, ತಟ್ಟೆಯಂಚಿನ ಹಪ್ಪಳವನ್ನು ತಮ್ಮ ಕಡೆಗೆ ಸರಿಸಿಕೊಳ್ಳುತ್ತಿದ್ದರು.

"ಎಂತ ಕಷ್ಟವೂ ಇಲ್ಲ ಮಾಮಿ," ಎಂದು ಅವಳು ತಟ್ಟೆ ಚಾಚಿದಳು. "ಇನ್ನೊಂದು ಸೌಟು ಸಾರು ಹಾಕಿ."